ರೂ ದು ಬಾಕ್‌ಗೆ ಹೋಗುವವರು ರೂ ದು ಬಾಕ್‌ನಲ್ಲಿ ಇಳಿಯಬೇಡಿ

ಪ್ಯಾರಿಸ್ಸಿನ ಮೆಟ್ರೋದಲ್ಲಿ ಹನ್ನೆರಡನೇ ಮಾರ್ಗದ ಮೇಲೆ ‘ರೂ ದು ಬಾಕ್’ ಎಂಬ ಹೆಸರಿನ ನಿಲ್ದಾಣವೇ ಇದೆ. ಪವಾಡ ಪದಕದ ಮಾತೆ ಮರಿಯಳ ಚಾಪೆಲ್, ಎಂದರೆ ಪುಟ್ಟ ಪ್ರಾರ್ಥನಾಮಂದಿರ, ಇರುವುದೂ ರೂ ದು ಬಾಕ್ ಎಂಬ ಬೀದಿಯಲ್ಲೇ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಯಾರಾದರೂ ಅಲ್ಲಿಯೇ ಇಳಿಯುತ್ತಾರೆ. ನಾನೂ ಇಳಿದೆ, ಮಂಡಿನೋವಿನ ಎಪ್ಪತ್ತನಾಲ್ಕರ ಅಮ್ಮನನ್ನೂ ಇಳಿಸಿದೆ. ಈ ಬೀದಿಯ ಮನೆ ನಂಬರುಗಳು ಸೇನ್ ನದಿಯ ಕಡೆಯಿಂದ ಶುರುವಾಗುತ್ತವೆ. ಚಾಪೆಲ್ಲಿನ ನಂಬರು 140. ಅದು ಬೀದಿಯ ಇನ್ನೊಂದು ತುದಿ. ನಿಜವಾಗಿ ಇಳಿಯಬೇಕಾದದ್ದು ಅದೇ ಮಾರ್ಗದ ಹಿಂದಿನ ನಿಲ್ದಾಣ ಸೆವ್ರ್–ಬಾಬಿಲೋನ್‌ನಲ್ಲಿ. ಹತ್ತನೇ ಮಾರ್ಗವೂ ಅಲ್ಲಿಗೆ ಬರುತ್ತದೆ. ಮೇಲೆ ಬಂದರೆ ಬೋ ಮಾರ್ಶೆ ಎಂಬ ಹಳೆಯ ದೊಡ್ಡ ಅಂಗಡಿ ಕಾಣುತ್ತದೆ, ಅದರ ಪಕ್ಕದಲ್ಲೇ ಚಾಪೆಲ್.

ಹತ್ತು ನಿಮಿಷದ ನಡಿಗೆಯನ್ನು ಅಮ್ಮ ಇಪ್ಪತ್ತೈದು ನಿಮಿಷ ನಡೆದರು. ತಲುಪಿದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಬಾಗಿಲು ಮುಚ್ಚಿತ್ತು. ಮಂಗಳವಾರ ಬಿಟ್ಟು ಉಳಿದ ದಿನಗಳಲ್ಲಿ ಮಧ್ಯಾಹ್ನ ಮುಚ್ಚಿ ಎರಡೂವರೆಗೆ ತೆರೆಯುತ್ತಾರೆ ಎಂಬುದನ್ನು ನಾನು ಓದಿಕೊಂಡು ಬಂದಿರಲಿಲ್ಲ. ಹೊರಡುವ ಮುಂಚೆ ಚಾಪೆಲ್ಲಿನ ಜಾಲತಾಣದಲ್ಲಿ ಆ ದಿನದ ಸಮಯ ನೋಡಿಕೊಳ್ಳಿ. ಪ್ರವೇಶಕ್ಕೆ ದುಡ್ಡಿಲ್ಲ, ಟಿಕೆಟ್ ಇಲ್ಲ, ಮುಂಗಡ ಕಾಯ್ದಿರಿಸುವ ತಲೆನೋವೂ ಇಲ್ಲ.

ಇಷ್ಟು ದೂರ ಯಾಕೆ ಹೋದೆವು ಎಂದರೆ ಅಮ್ಮನ ಕುತ್ತಿಗೆಯಲ್ಲಿರುವ ಪದಕಕ್ಕಾಗಿ. ವಿರಾಜಪೇಟೆಯಲ್ಲಿ ಶಾಲೆಗೆ ಹೋಗುತ್ತಿದ್ದಾಗ ಸಿಸ್ಟರೊಬ್ಬರು ಕೊಟ್ಟದ್ದು, ಹೆಬ್ಬೆರಳ ಉಗುರಿನಷ್ಟು ದೊಡ್ಡದು. ಒಂದು ಬದಿಯಲ್ಲಿ ಮಾತೆ ಗೋಳದ ಮೇಲೆ ನಿಂತಿದ್ದಾಳೆ, ಕೈಗಳಿಂದ ಕಿರಣ ಸುರಿಯುತ್ತಿದೆ. ಇನ್ನೊಂದು ಬದಿಯಲ್ಲಿ ಶಿಲುಬೆ ಹೊತ್ತ ‘ಎಂ’ ಅಕ್ಷರ, ಕೆಳಗೆ ಎರಡು ಹೃದಯ, ಸುತ್ತ ಹನ್ನೆರಡು ನಕ್ಷತ್ರ. ಜಪಸರ ಹಿಡಿದಾಗಲೆಲ್ಲ ಬೆರಳು ಅಲ್ಲಿಗೇ ಹೋಗಿ ಹೋಗಿ ಮಾತೆಯ ಮುಖ ಸವೆದಿದೆ. 1830 ಎಂಬ ಇಸವಿಯಲ್ಲಿ ಸೊನ್ನೆ ಪೂರ್ತಿ ಅಳಿಸಿಹೋಗಿದೆ. ‘ಇದು ಎಲ್ಲಿಂದ ಬಂದದ್ದು’ ಎಂದು ಅಮ್ಮ ಎರಡು ವರ್ಷದ ಹಿಂದೆ ಒಮ್ಮೆ ಕೇಳಿದ್ದರು. ಹುಡುಕಿ ಹೇಳಿದೆ. ಮರುದಿನವೇ ‘ಪಾಸ್‌ಪೋರ್ಟಿಗೆ ಏನೇನು ಬೇಕು’ ಎಂದು ಕೇಳಿದರು.

ವೀಸಾದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದೆರಡು ಮಾತು ಹೇಳಲೇಬೇಕು. ಫ್ರಾನ್ಸೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ನೀವೇ ಹೋಗಬೇಕು, ಏಜೆಂಟನನ್ನು ಕಳಿಸಿದರೆ ಆಗುವುದಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ವಯಸ್ಕರಿಗೆ ಶುಲ್ಕ 90 ಯೂರೋ, ಕೇಂದ್ರದ ಸೇವಾಶುಲ್ಕ ಬೇರೆ. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚಕ್ಕೆ ಆಗುವಂತಿರಬೇಕು. ವಯಸ್ಸಾದವರ ಪಾಲಿಸಿಯಲ್ಲಿ ಆ ಮೊತ್ತ ಸ್ಪಷ್ಟವಾಗಿ ಬರೆದಿದೆಯೇ ಎಂದು ನೋಡಿ. ತೋಟದವರ ತೊಡಕು ಬೇರೆ. ಕೃಷಿ ಆದಾಯವೇ ಹೆಚ್ಚಿರುವ ಕಾರಣ ನಮ್ಮ ಆದಾಯ ತೆರಿಗೆ ರಿಟರ್ನ್ಸ್ ಬಡವರ ಮನೆಯ ಪಾತ್ರೆಯಂತೆ ಖಾಲಿ ಕಾಣುತ್ತದೆ. ನಾನು ಪಹಣಿ ತೆಗೆಸಿ, ಇಂಗ್ಲಿಷಿಗೆ ಅನುವಾದ ಮಾಡಿಸಿ, ಮೂರು ವರ್ಷ ಕಾಫಿ ಮತ್ತು ಕರಿಮೆಣಸು ಮಾರಿದ ಬಿಲ್ಲುಗಳನ್ನು, ಆ ಹಣ ಜಮೆಯಾದ ಬ್ಯಾಂಕಿನ ಪುಟಗಳನ್ನು ಒಟ್ಟಿಗೆ ಇಟ್ಟೆ. ಕೇಳಲಿಕ್ಕೆ ಮುಂಚೆಯೇ ಕೊಟ್ಟದ್ದು ಒಳ್ಳೆಯದಾಯಿತು.

ಮೊದಲು ಒಬ್ಬ ಟ್ರಾವೆಲ್ಸಿನವನ ಬಳಿ ಹೋಗಿದ್ದೆವು. ಲೂರ್ದು, ಪ್ಯಾರಿಸ್, ರೋಮ್ ಸೇರಿಸಿ ಒಂಬತ್ತು ದಿನದ ಪಟ್ಟಿ ಕೊಟ್ಟ. ಅದರಲ್ಲಿ ಈ ಚಾಪೆಲ್ಲಿಗೆ ಇದ್ದದ್ದು ಇಪ್ಪತ್ತು ನಿಮಿಷ, ಐಫೆಲ್ ಗೋಪುರಕ್ಕೆ ಎರಡು ಗಂಟೆ. ಅಮ್ಮ ಕಾಗದವನ್ನು ಮಡಚಿ ಅವನ ಮೇಜಿನ ಮೇಲೆಯೇ ಇಟ್ಟು ಎದ್ದರು. ನಿಮಗೂ ಅದನ್ನೇ ಹೇಳುತ್ತೇನೆ: ಇದು ನೋಡಿ ಬರುವ ಜಾಗವಲ್ಲ, ಕುಳಿತು ಬರುವ ಜಾಗ. ಕಟ್ಟಡವೆಂದು ನೋಡಿದರೆ ನಿರಾಸೆಯಾಗುತ್ತದೆ. ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಗೋಪುರದ ಗಾಂಭೀರ್ಯ ಇದಕ್ಕಿಲ್ಲ.

ನಾವು ಹೋದದ್ದು 2025ರ ಸೆಪ್ಟೆಂಬರ್ ಕೊನೆಗೆ. ಕೊಡಗಿನ ಕೈಲ್ ಪೋಳ್ದ್ ಹಬ್ಬ ಮುಗಿದು ಮಳೆ ಇಳಿದಿರುತ್ತದೆ, ಅರೇಬಿಕಾ ಕೊಯ್ಲಿಗೆ ಇನ್ನೂ ದಿನವಿರುತ್ತದೆ, ತೋಟ ಬಿಟ್ಟು ಹೋಗಲು ಅದೇ ಸಂದು. ಪ್ಯಾರಿಸ್ಸಿನಲ್ಲಿ ಆಗ ಮಡಿಕೇರಿಯ ಡಿಸೆಂಬರಿನಂಥ ಹವೆ. ಒಂದು ಸ್ವೆಟರ್, ಒಂದು ಕೊಡೆ ಸಾಕು. ಚಾಪೆಲ್ಲಿನ ಹಬ್ಬ ನವೆಂಬರ್ 27ಕ್ಕೆ. ಆ ದಿನವೇ ಬೇಕು ಎನ್ನುವವರು ಹೋಗಲಿ, ಆದರೆ ಜನಸಂದಣಿಗೂ ಚಳಿಗೂ ಸಿದ್ಧರಾಗಿ ಹೋಗಲಿ. ವಿರಾಜಪೇಟೆಯಿಂದ ಮೈಸೂರಿಗೆ ಬಂದು ಅಲ್ಲಿಂದ ಫ್ಲೈಬಸ್ ಹಿಡಿದರೆ ನೇರ ವಿಮಾನ ನಿಲ್ದಾಣಕ್ಕೆ ಬಿಡುತ್ತದೆ. ಬೆಂಗಳೂರಿನಿಂದ ಪ್ಯಾರಿಸ್ಸಿಗೆ ನೇರ ವಿಮಾನವಿದೆ, ಹತ್ತು ಗಂಟೆಯ ಪ್ರಯಾಣ.

ಪ್ಯಾರಿಸ್ಸಿನ ವಿಮಾನ ನಿಲ್ದಾಣದಿಂದ ಊರಿಗೆ ‘ಬಿ’ ಮಾರ್ಗದ ರೈಲು ಹಿಡಿಯಿರಿ. ನಾವು ಹೋದಾಗ ಅದಕ್ಕೆ 13 ಯೂರೋ, ಊರೊಳಗಿನ ಮೆಟ್ರೋಗೆ 2.50, ಬಸ್ಸಿಗೆ 2. ಮೆಟ್ರೋ ಟಿಕೆಟ್ಟಿನಲ್ಲಿ ಬಸ್ ಹತ್ತುವಂತಿಲ್ಲ. ನವಿಗೋ ಈಸಿ ಎಂಬ ಕಾರ್ಡನ್ನು ತಲೆಗೊಂದರಂತೆ ಕೊಂಡು ಅದಕ್ಕೆ ಪ್ರಯಾಣ ತುಂಬಿಸಿಕೊಳ್ಳಬೇಕು. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ಚಾಪೆಲ್ಲಿನ ಸುತ್ತ ರೂಮಿನ ಬಾಡಿಗೆ ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ. ನಾವು ಅದೇ ಹನ್ನೆರಡನೇ ಮಾರ್ಗದಲ್ಲಿ ಪಾಸ್ತರ್ ನಿಲ್ದಾಣದ ಬಳಿ ಉಳಿದೆವು. ಮಂಡಿನೋವಿದ್ದವರಿಗೆ ಇನ್ನೊಂದು ಮಾತು: ಅಲ್ಲಿನ ಹಳೆಯ ಮೆಟ್ರೋ ಎಂದರೆ ಮೆಟ್ಟಿಲು, ಮತ್ತೆ ಮೆಟ್ಟಿಲು. ಎರಡನೇ ದಿನದಿಂದ ನಾವು ಬಸ್ಸನ್ನೇ ಹಿಡಿದೆವು, ನೆಲ ತಗ್ಗಾಗಿರುವುದರಿಂದ ಅಮ್ಮ ಯಾರ ಕೈಯನ್ನೂ ಕೇಳದೆ ಹತ್ತಿದರು.

ಎರಡೂವರೆಗೆ ಬಾಗಿಲು ತೆರೆಯಿತು. ಬೀದಿಯಿಂದ ನೋಡಿದರೆ ಅಲ್ಲೊಂದು ಚಾಪೆಲ್ ಇದೆ ಎಂದೇ ತಿಳಿಯುವುದಿಲ್ಲ. ಹೆಬ್ಬಾಗಿಲು ದಾಟಿದರೆ ಉದ್ದನೆಯ ಓಣಿಯಂಥ ಅಂಗಳ, ಗೋಡೆಯ ಮೇಲೆ ನಡೆದದ್ದನ್ನು ಹೇಳುವ ಉಬ್ಬುಚಿತ್ರಗಳು. ಇದು ಡಾಟರ್ಸ್ ಆಫ್ ಚಾರಿಟಿ ಸಿಸ್ಟರುಗಳ ಮೂಲಮಠ. 1830ರಲ್ಲಿ ಇಲ್ಲಿ ತರಬೇತಿಯಲ್ಲಿದ್ದ ಕ್ಯಾಥರೀನ್ ಲಬೂರೆಗೆ 24 ವರ್ಷ, ಹಳ್ಳಿಯ ರೈತನ ಮಗಳು. ಜುಲೈ 18ರ ರಾತ್ರಿ ಒಂದು ಮಗು ತನ್ನನ್ನು ಎಬ್ಬಿಸಿ ಚಾಪೆಲ್ಲಿಗೆ ಕರೆದೊಯ್ದಿತು, ಮಾತೆ ಬಂದು ಕುರ್ಚಿಯಲ್ಲಿ ಕುಳಿತಳು, ತಾನು ಆಕೆಯ ಮಡಿಲ ಮೇಲೆ ಕೈಯಿಟ್ಟು ಮಾತಾಡಿದೆ ಎಂದು ಆಕೆ ಹೇಳಿದಳು. ನವೆಂಬರ್ 27ರಂದು ಪದಕದ ಚಿತ್ರ ಕಂಡಿತು, ಹಾಗೆಯೇ ಪದಕ ಮಾಡಿಸಬೇಕೆಂಬ ಮಾತೂ ಕೇಳಿಸಿತು. 1832ರಲ್ಲಿ ಪ್ಯಾರಿಸ್ಸಿನಲ್ಲಿ ಕಾಲರಾ ಹರಡಿದ್ದಾಗ ಮೊದಲ ಪದಕಗಳು ಹೊರಬಂದವು. ‘ಪವಾಡ ಪದಕ’ ಎಂದು ಹೆಸರಿಟ್ಟವರು ಜನ.

ಕ್ಯಾಥರೀನಳ ದೇಹ ಬಲಗಡೆಯ ಪೀಠದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿದೆ. ಕಪ್ಪು ನಿಲುವಂಗಿ, ತಲೆಯ ಮೇಲೆ ಗರಿಗರಿಯಾದ ಬಿಳಿ ಬಟ್ಟೆ. ಅಮ್ಮನಿಗೆ ಅದಕ್ಕಿಂತ ಹಿಡಿಸಿದ್ದು ಆಕೆಯ ಉಳಿದ ಬದುಕು. ದರ್ಶನವಾದವಳು ತಾನೇ ಎಂದು ಹೊರಗೆ ಯಾರಿಗೂ ಹೇಳದೆ ನಲವತ್ತಕ್ಕೂ ಹೆಚ್ಚು ವರ್ಷ ರಯ್ಯಿ ಎಂಬಲ್ಲಿ ವೃದ್ಧರ ಸೇವೆ ಮಾಡುತ್ತ, ಕೋಳಿಗೂಡು ನೋಡಿಕೊಳ್ಳುತ್ತ 1876ರ ಡಿಸೆಂಬರ್ 31ರಂದು ತೀರಿಕೊಂಡಳು. ಸಂತಪದವಿ ಬಂದದ್ದು 1947ರಲ್ಲಿ. ‘ಕೋಳಿ ಸಾಕಿದವಳಾ?’ ಎಂದು ಅಮ್ಮ ಎರಡು ಸಲ ಕೇಳಿದರು. ಹಿತ್ತಿಲಲ್ಲಿ ಹದಿನಾಲ್ಕು ಕೋಳಿ ಬಿಟ್ಟು ಬಂದವರು ಅವರು.

ಮಾತೆ ಕುಳಿತಳೆಂಬ ಕುರ್ಚಿ ಇನ್ನೂ ಅಲ್ಲಿದೆ. ಜನ ಕೋರಿಕೆಯ ಚೀಟಿ ಬರೆದು ಬಿಟ್ಟು ಹೋಗುತ್ತಾರೆ. ಪೆನ್ನು, ಹಾಳೆ ನೀವೇ ಒಯ್ಯಿರಿ. ನಾನು ಬಸ್ ಟಿಕೆಟ್ಟಿನ ಹಿಂಬದಿ ಹುಡುಕುತ್ತಿದ್ದರೆ ಅಮ್ಮ ಚೀಲದಿಂದ ನಾಲ್ಕಾಗಿ ಮಡಚಿದ ರೂಲ್ ಹಾಳೆ ತೆಗೆದರು, ಮನೆಯಲ್ಲೇ ಬರೆದು ತಂದದ್ದು. ಕನ್ನಡದಲ್ಲಿ, ಎರಡೂ ಬದಿ. ಓದಲು ಕೊಡಲಿಲ್ಲ. ಮಡಿಕೆಯ ಅಂಚಿನಲ್ಲಿ ‘ಹೂಮಳೆ’ (ಕಾಫಿ ಹೂ ಅರಳಿಸುವ ಮಳೆ) ಮತ್ತು ‘ಆನೆ’ ಎಂಬ ಎರಡು ಪದ ಮಾತ್ರ ನನ್ನ ಕಣ್ಣಿಗೆ ಬಿದ್ದವು. ಫ್ರಾನ್ಸಿನ ಸಂತಳಿಗೆ ಕೊಡಗಿನ ಆನೆ ಏನು ಅರ್ಥವಾದೀತು ಎಂದು ನಗು ಬಂತು, ನಗಲಿಲ್ಲ.

ಪೂಜೆ ನಡೆಯುವುದು ಫ್ರೆಂಚಿನಲ್ಲಿ. ಪೂಜೆಯ ಕ್ರಮ ಗೊತ್ತಿರುವವರಿಗೆ ಭಾಷೆ ಅಡ್ಡಿಯಾಗದು. ಅಮ್ಮ ತಮ್ಮ ಪಾಡಿಗೆ ‘ನಮೋ ಮರಿಯಾ’ ಹೇಳಿಕೊಂಡರು. ಜಾಗ ಚಿಕ್ಕದು, ಪೂಜೆಗೆ ಅರ್ಧ ಗಂಟೆ ಮುಂಚೆ ಹೋಗದಿದ್ದರೆ ನಿಲ್ಲಬೇಕಾಗುತ್ತದೆ. ಅಲ್ಲಿಂದ ಐದಾರು ನಿಮಿಷ ನಡೆದರೆ ಸೆವ್ರ್ ಬೀದಿಯ 95ನೇ ನಂಬರಿನಲ್ಲಿ ಈ ಸಿಸ್ಟರುಗಳ ಸಂಸ್ಥೆ ಕಟ್ಟಿದ ಸಂತ ವಿನ್ಸೆಂಟ್ ದೆ ಪಾವ್ಲರ ಚಾಪೆಲ್ ಇದೆ. ಅವರ ದೇಹ ಮುಖ್ಯ ಪೀಠದ ಮೇಲೆ ಬೆಳ್ಳಿಯ ಪೆಟ್ಟಿಗೆಯಲ್ಲಿದೆ, ಹತ್ತಿರ ಹೋಗಲು ಮೆಟ್ಟಿಲುಗಳಿವೆ. ಅದನ್ನು ಬಿಟ್ಟು ಬರಬೇಡಿ.

ಇನ್ನು ತಪ್ಪಾಗಿ ಇಳಿದದ್ದರ ಲಾಭ. ಅಂದು ಅಮ್ಮ ಆಸರೆಗೆಂದು ನಿಂತದ್ದು 128ನೇ ನಂಬರಿನ ಕಟ್ಟಡದ ಮುಂದೆ. ಫಲಕ ಓದಿ ನಾನೇ ನಿಂತುಬಿಟ್ಟೆ: ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆ. ನಮ್ಮ ಹಳೆಯ ಮೈಸೂರು ಮಿಷನ್ನಿಗೆ ಪಾದ್ರಿಗಳನ್ನು ಕಳಿಸಿದ್ದು ಇದೇ ಮನೆ. ಕೊಡಗು ಇಂದಿಗೂ ಮೈಸೂರು ಧರ್ಮಪ್ರಾಂತ್ಯದಲ್ಲೇ ಇದೆ. ಟಿಪ್ಪುವಿನ ಸೆರೆ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟು 1792ರಲ್ಲಿ ಚರ್ಚು ಎದ್ದ ಕತೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅತ್ತ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಚದುರಿದ ಕ್ರೈಸ್ತರನ್ನು ಕೂಡಿಸಲು ಬಂದವರು ಈ ಸಂಸ್ಥೆಯ ಫ್ರೆಂಚ್ ಪಾದ್ರಿ ಆಬೆ ದುಬುವಾ. ನಮ್ಮವರ ಉಡುಪು ತೊಟ್ಟು, ಸಸ್ಯಾಹಾರ ಉಂಡು, ಸಿಡುಬಿಗೆ ಲಸಿಕೆ ಹಾಕಿಸಿ ‘ದೊಡ್ಡ ಸ್ವಾಮಿ’ ಎನಿಸಿಕೊಂಡವರು 1823ರಲ್ಲಿ ಈ ನಾಡು ಬಿಟ್ಟು ಇದೇ ಬೀದಿಯ ಸಂಸ್ಥೆಗೆ ಮರಳಿದರು, ಅದರ ಮುಖ್ಯಸ್ಥರೂ ಆದರು, 1848ರಲ್ಲಿ ತೀರಿಕೊಂಡರು. ಅಂದರೆ ಕನ್ನಡ ಬಲ್ಲ ಒಬ್ಬ ಮುದುಕರು ಇದ್ದ ಮನೆಯಿಂದ ನಾಲ್ಕಾರು ಬಾಗಿಲಾಚೆ ಪದಕದ ಕತೆ ಶುರುವಾಗಿತ್ತು. ಹಾಗಾಗಿ ಕಾಲು ಗಟ್ಟಿ ಇದ್ದವರು, ನನ್ನ ಮೊದಲ ಸಾಲನ್ನು ಮೀರಿ ರೂ ದು ಬಾಕ್‌ನಲ್ಲೇ ಇಳಿದು ನಡೆದರೂ ನಾನು ಬೇಡ ಎನ್ನುವುದಿಲ್ಲ.

ಮತ್ತೆ ಮಂಗಳವಾರ ಹೋದೆವು, ಇಡೀ ದಿನ ತೆರೆದಿರುತ್ತದೆಂದು. ಅಂದು ಜನವೂ ಹೆಚ್ಚು. ಊಟಕ್ಕೆ ಬೋ ಮಾರ್ಶೆಯ ತಿನಿಸಿನ ವಿಭಾಗಕ್ಕೆ ಹೋಗಿ ಬೆಲೆ ನೋಡಿ ಹೊರಬಂದು, ಬೇಕರಿಯ ಉದ್ದ ಬ್ರೆಡ್ಡು ಕೊಂಡು ಪಕ್ಕದ ಪಾರ್ಕಿನಲ್ಲಿ ಕುಳಿತು ತಿಂದೆವು. ಕಾಫಿಯ ಬಗ್ಗೆ ಕೇಳಬೇಡಿ. ಗುಟುಕಿಗೆ ಮುಗಿಯುವ ಕಹಿ.

ಪದಕಗಳನ್ನು ಚಾಪೆಲ್ಲಿನ ಅಂಗಡಿಯಲ್ಲೇ ಕೊಳ್ಳಿ. ಅಲ್ಯೂಮಿನಿಯಮ್ಮಿನ ಚಿಕ್ಕವು ಪೊಟ್ಟಣದಲ್ಲಿ ಅಗ್ಗಕ್ಕೆ ಸಿಗುತ್ತವೆ. ತೋಟದ ಕೆಲಸದವರ ಲೈನ್ ಮನೆಯವರಿಗೆ, ನೆರೆಯವರಿಗೆ ಎಂದು ಅಮ್ಮ ಇನ್ನೂರು ಕೊಂಡರು, ತಮಗೆ ಒಂದೂ ಕೊಳ್ಳಲಿಲ್ಲ. ಆ ಪೊಟ್ಟಣಗಳನ್ನು ಕೈಚೀಲದಲ್ಲಿ ಇಡಬೇಡಿ, ದೊಡ್ಡ ಸೂಟ್‌ಕೇಸಿಗೆ ಹಾಕಿ. ವಾಪಸು ಬರುವಾಗ ತಪಾಸಣೆಯ ಯಂತ್ರದಲ್ಲಿ ಅದು ಲೋಹದ ಮುದ್ದೆಯಾಗಿ ಕಂಡು, ಸಿಬ್ಬಂದಿಯ ಹುಡುಗಿ ಒಂದೊಂದೇ ಪೊಟ್ಟಣ ಬಿಚ್ಚಿ ಟ್ರೇಗೆ ಸುರಿದಳು. ನಮ್ಮ ಹಿಂದೆ ಸಾಲು ಬೆಳೆಯಿತು. ಎಲ್ಲ ನೋಡಿ ಮುಗಿದ ಮೇಲೆ ಅಮ್ಮ ಟ್ರೇಯಿಂದ ಒಂದನ್ನು ಆರಿಸಿ ಅವಳ ಮುಂದೆ ಹಿಡಿದರು. ಅವಳು ಕೈಗವಸು ತೆಗೆದು, ಅತ್ತಿತ್ತ ನೋಡಿ, ಜೇಬಿಗೆ ಹಾಕಿಕೊಂಡಳು.