ಎರಡು ಸೆಂಟಿಮೀಟರ್ ಮಾರ್ಜಿನ್

ಬಳ್ಳಾರಿಯಲ್ಲಿ ಜೀನ್ಸ್ ಕಟಿಂಗ್ ಮಾಡ್ತಾ 22 ವರ್ಷ ಆಯ್ತು. ಚಾಕ್ ಗೆರೆ ಎಳೆದು, ಹೊಲಿಗೆಗೆ ಅರ್ಧ ಇಂಚು ಬಿಟ್ಟು ಕತ್ತರಿ ಹಾಕೋದು ಕಣ್ಣು ಮುಚ್ಚಿಯೂ ಬರುತ್ತೆ. ಅಣ್ಣನ ತಲೆ ಸ್ಕ್ಯಾನ್ ಮೇಲೂ ಹಂಗೇ ಗೆರೆ ಎಳೀತಾರೆ ಅಂತ ಮಾತ್ರ ಗೊತ್ತಿರಲಿಲ್ಲ.

ಬೆಂಗಳೂರಲ್ಲಿ ಅಣ್ಣನ ಮಿದುಳಿನ ಗಡ್ಡೆಗೆ ಆಪರೇಷನ್ ಆದಾಗ ಸರ್ಜನ್ "ಕಣ್ಣಿಗೆ ಕಂಡಷ್ಟೂ ತೆಗೆದಿದ್ದೀವಿ" ಅಂದಿದ್ದರು. ನಾನು ಖುಷಿಯಾಗಿ ಹಂಪಿ ಎಕ್ಸ್‌ಪ್ರೆಸ್‌ಗೆ ವಾಪಸ್ ಟಿಕೆಟ್ ಹುಡುಕ್ತಾ ಕೂತೆ. ಆಮೇಲೆ ಬಯಾಪ್ಸಿ ರಿಪೋರ್ಟ್ ಬಂತು: ಗ್ಲಿಯೊಬ್ಲಾಸ್ಟೋಮಾ, ಗ್ರೇಡ್ 4. ಅಂದ್ರೆ ಮಿದುಳಿನ ಕ್ಯಾನ್ಸರ್, ಅದರಲ್ಲೂ ಜೋರಾಗಿ ಬೆಳೆಯೋ ಜಾತಿ. ಗಾಯ ಮಾಗಿದ ಕೂಡಲೇ ರೇಡಿಯೇಷನ್ ಅಂದರು.

"ಎಲ್ಲಾ ತೆಗೆದ ಮ್ಯಾಲೆ ಮತ್ಯಾಕ್ರೀ ಕರೆಂಟ್ ಕೊಡೋದು?" ಅಂತ ಸ್ವಲ್ಪ ಜೋರಾಗೇ ಕೇಳಿದೆ.

ಡಾಕ್ಟರಮ್ಮ ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಗಡ್ಡೆ ಇದ್ದಲ್ಲಿ ಕಪ್ಪು ಗುಳಿ, ಅದರ ಸುತ್ತ ಒಂದು ಗೆರೆ, ಅದರಾಚೆ ಸುಮಾರು ಎರಡು ಸೆಂಟಿಮೀಟರ್ ಬಿಟ್ಟು ಇನ್ನೊಂದು, ಅಲ್ಲೀವರೆಗೂ ಕಿರಣ ಬಿಡ್ತಾರಂತೆ. ಎಲುಬು ಅಡ್ಡ ಬಂದ ಕಡೆ ಹೊರಗಿನ ಗೆರೆ ಒಳಗೆ ಸರಿದಿತ್ತು. ಕಣ್ಣಿನ ನರಕ್ಕೆ ಬೇರೆ ಬಣ್ಣ, ಅಲ್ಲಿಗೆ ಡೋಸ್ ಕಡಿಮೆ. ಈ ಗಡ್ಡೆಗೆ ಅಂಚು ಅಂತಿಲ್ಲ, ಗರಿಕೆ ಬೇರಿನ ಹಂಗೆ ಒಳ್ಳೇ ಮಿದುಳೊಳಗೂ ಇಳಿದಿರುತ್ತೆ, ತಿರುಗಿ ಬಂದರೂ ಹೆಚ್ಚಾಗಿ ಅಲ್ಲೇ ಪಕ್ಕದಲ್ಲಿ ಬರುತ್ತೆ ಅಂದರು. ನಾನು ಮತ್ತೆ ಬಾಯಿ ತೆಗೀಲಿಲ್ಲ. ನಮ್ಮಲ್ಲಿ ಮಾರ್ಜಿನ್ ಹೆಚ್ಚಾದರೆ ಬಟ್ಟೆ ದಂಡ. ಇಲ್ಲಿ ದಂಡ ಆಗೋದು ಅಣ್ಣನ ಮಾತು, ಲೆಕ್ಕ, ನೆನಪು.

ಮೊದಲು ಮಾಸ್ಕ್. ಬಿಸಿನೀರಲ್ಲಿ ಮೆತ್ತಗಾದ ಬಿಳಿ ಪ್ಲಾಸ್ಟಿಕ್ ಬಲೆಯನ್ನ ಮುಖದ ಮೇಲೆ ಎಳೆದು ಒತ್ತಿದರು. ತಣ್ಣಗಾದಾಗ ಅಣ್ಣನ ಮೊಂಡು ಮೂಗು ಅದರಲ್ಲಿ ಅಚ್ಚೊತ್ತಿತ್ತು. ದಿನಾ ಅದನ್ನ ತೊಡಿಸಿ, ತಲೆ ಅಲುಗದ ಹಂಗೆ ಟೇಬಲ್ಲಿಗೆ ಬಿಗಿಯೋರು. ದಿನಕ್ಕೆ 2 ಗ್ರೇ (ರೇಡಿಯೇಷನ್ ಅಳೆಯೋ ಲೆಕ್ಕ), ವಾರಕ್ಕೆ ಐದು ದಿನ, ಒಟ್ಟು 30 ಸಲ, 60 ಗ್ರೇ. ಜೊತೆಗೆ ಖಾಲಿ ಹೊಟ್ಟೆಗೆ ಟೆಮೊಜೊಲೊಮೈಡ್ ಅನ್ನೋ ಕೀಮೋ ಮಾತ್ರೆ, ಅದಕ್ಕೆ ಭಾನುವಾರವೂ ರಜೆ ಇಲ್ಲ. ಬಾವು ಇಳಿಯೋಕೆ ಕೊಟ್ಟ ಸ್ಟೆರಾಯ್ಡ್‌ನಿಂದ ಶುಗರ್ ಏರ್ತು, ಹಸಿವೂ ಏರ್ತು. ರಾತ್ರಿ ಹನ್ನೊಂದಕ್ಕೆ ಲಾಡ್ಜಲ್ಲಿ ಎದ್ದು ಕೂತು "ವಗ್ಗರಣಿ-ಮಿರ್ಚಿ ಎಲ್ಲಿ ಸಿಗ್ತದೋ?" ಅನ್ನೋನು. ಬೆಂಗಳೂರಲ್ಲಿ ಆ ಹೊತ್ತಿಗೆ!

ಕೂದಲು ಕಿರಣ ಹಾದ ಕಡೆ ಮಾತ್ರ ಉದುರಿತು, ಬಲ ಕಿವಿಯ ಮೇಲೆ ಅಂಗೈ ಅಗಲ.

ಮುಗಿದು ಒಂದು ತಿಂಗಳಿಗೆ ತೆಗೆದ ಎಂಆರ್‌ಐಯಲ್ಲಿ ಅಂಚಿಗೆ ಬೆಳ್ಳಗೆ ಏನೋ ಕಾಣ್ತು. ಗಡ್ಡೆಯೂ ಇರಬಹುದು, ರೇಡಿಯೇಷನ್ನಿನದೇ ಬಾವೂ ಇರಬಹುದು, ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಈಗ ಅಣ್ಣ ಬೆಳಿಗ್ಗೆ ಎರಡು ತಾಸು ಅಂಗಡಿಗೆ ಬಂದು ಗುಂಡಿ ಎಣಿಸ್ತಾನೆ. ಎಣಿಕೆ ತಪ್ಪಿದರೆ ಮೊದಲಿಂದ ಶುರು ಮಾಡ್ತಾನೆ. ಮಾಸ್ಕ್ ಅಲ್ಲೇ ಮೊಳೆಗೆ ತೂಗುಹಾಕಿದ್ದಾನೆ, ನನ್ನ ಪ್ಯಾಟರ್ನ್ ರಟ್ಟುಗಳ ಪಕ್ಕಕ್ಕೆ.