ತಡೆಯಲ್ಲ, ತಡ: ಜೇಡಿಮಣ್ಣಿನೊಂದಿಗಿನ ನನ್ನ ಕೆಲಸ

ಮಡಿಕೇರಿ ಸುತ್ತಮುತ್ತಲಿನ ಕಾಫಿ ತೋಟಗಳಲ್ಲಿ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ನೀರು, ನಿಲ್ಲಿಸುವ ಹೊಂಡಗಳಿಗೆ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪದರ ಹಾಕಿಸುವುದು ಈಗ ನನ್ನ ಕೆಲಸ. ಇದಕ್ಕೂ ಮೊದಲು ನಾಲ್ಕು ವರ್ಷ ನಾನಿದ್ದ ಪ್ರಯೋಗಾಲಯದಲ್ಲಿ, ವಿಕಿರಣಶೀಲ ತ್ಯಾಜ್ಯವನ್ನು ಹೂಳುವಾಗ ಸುತ್ತ ತುಂಬುವ ಇದೇ ಜೇಡಿಮಣ್ಣಿನ ಗುಣವನ್ನು ಅಳೆಯುತ್ತಿದ್ದೆವು. ಅದನ್ನು ಕೇಳಿ ತೋಟದ ಮಾಲೀಕರೊಬ್ಬರು, "ಅಂಥ ಕಸವನ್ನು ಬರೀ ಮಣ್ಣು ಹೇಗೆ ತಡೆಯುತ್ತದೆ ಸಾರ್?" ಎಂದರು. ತಡೆಯುವುದಿಲ್ಲ, ತಡಮಾಡಿಸುತ್ತದೆ ಎಂದೆ.

ಬೆಂಟೊನೈಟಿನ ಮುಖ್ಯ ಖನಿಜವಾದ ಮಾಂಟ್‌ಮೊರಿಲೊನೈಟ್, ಹಾಳೆಗಳನ್ನು ಒಟ್ಟಿದಂತೆ ಪದರ ಪದರವಾಗಿರುತ್ತದೆ. ಹಾಳೆಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ. ಉಬ್ಬಲು ಜಾಗವಿಲ್ಲದಂತೆ ಒತ್ತಿ ತುಂಬಿದ್ದರೆ ಸಂದುಗಳೆಲ್ಲ ಮುಚ್ಚಿಕೊಂಡು ನೀರಿನ ಹರಿವು ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಆಮೇಲೆ ಕರಗಿದ ಕಣಗಳಿಗೆ ಉಳಿಯುವ ದಾರಿ ವಿಸರಣೆಯೊಂದೇ, ಅಂದರೆ ನಿಂತ ನೀರಿಗೆ ಬಿದ್ದ ಶಾಯಿಯ ಹನಿ ತಾನಾಗಿ ಹರಡುವ ರೀತಿ. ಅದರಲ್ಲಿ ಪದರದ ದಪ್ಪ ಎರಡರಷ್ಟಾದರೆ ದಾಟುವ ಕಾಲ ನಾಲ್ಕರಷ್ಟಾಗುತ್ತದೆ. ಫಿನ್ಲೆಂಡಿನ ಒಂಕಾಲೊ ಎಂಬ ತ್ಯಾಜ್ಯ ಭಂಡಾರದಲ್ಲಿ, ನೆಲದಿಂದ 400 ಮೀಟರಿಗೂ ಆಳದಲ್ಲಿ, ಬಳಸಿದ ಅಣು ಇಂಧನವಿರುವ ತಾಮ್ರದ ಡಬ್ಬಿಗಳ ಸುತ್ತ ಬೆಂಟೊನೈಟ್ ತುಂಬುವ ವಿನ್ಯಾಸಕ್ಕೆ ಈ ನಿಧಾನವೇ ಒಂದು ಆಧಾರ.

ಹಾಳೆಗಳ ಮೈಮೇಲೆ ಋಣ ವಿದ್ಯುದಂಶವಿರುವುದರಿಂದ ಸೀಸಿಯಂ, ಸ್ಟ್ರಾನ್ಷಿಯಂನಂಥ ಧನ ಅಯಾನುಗಳು ಅಲ್ಲೇ ಅಂಟಿಕೊಂಡು ಇನ್ನಷ್ಟು ತಡವಾಗುತ್ತವೆ. ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 30 ವರ್ಷ. 300 ವರ್ಷ ಹಿಡಿದಿಟ್ಟರೆ ಅದರಲ್ಲಿ ಸಾವಿರಕ್ಕೊಂದು ಪಾಲು ಮಾತ್ರ ಉಳಿದಿರುತ್ತದೆ. ಅಯೋಡಿನ್-129ರ ವಿಷಯ ಬೇರೆ. ಅದು ಋಣ ಅಯಾನು, ಮಣ್ಣಿಗೆ ಅಂಟುವುದಿಲ್ಲ, ಅರ್ಧಾಯುಷ್ಯವೂ ಒಂದೂವರೆ ಕೋಟಿ ವರ್ಷಕ್ಕಿಂತ ಹೆಚ್ಚು. ಮಣ್ಣೊಂದನ್ನೇ ನಂಬದೆ ಡಬ್ಬಿಯನ್ನೂ ಬಂಡೆಯನ್ನೂ ಜೊತೆಗಿಡುವುದಕ್ಕೆ ಇದೂ ಒಂದು ಕಾರಣ.

ಪ್ರಯೋಗಾಲಯದಲ್ಲಿ ಹೊಸಬರಿಗೆ ಇದನ್ನು, ಉಕ್ಕಿನ ಬಳೆಗಳಲ್ಲಿ ಬಿಲ್ಲೆಯಂತೆ ಒತ್ತಿ ತುಂಬಿದ ಬೆಂಟೊನೈಟಿನ ಮೇಲೆ ಬಣ್ಣದ ನೀರು ನಿಲ್ಲಿಸಿ ತೋರಿಸುತ್ತಿದ್ದೆವು: ಮಣ್ಣಿಗೆ ಅಂಟುವ ನೀಲಿ ಮೀಥಿಲೀನ್ ಬ್ಲೂ ಒಂದು ಬಳೆಯಲ್ಲಿ, ಅಂಟದ ಹಳದಿ ಫ್ಲೋರೆಸೀನ್ ಇನ್ನೊಂದರಲ್ಲಿ. ನಾನು ಮೊದಲ ಸಲ ತುಂಬಿದ ನೀಲಿ ಬಳೆಯಲ್ಲಿ ಎರಡೇ ದಿನಕ್ಕೆ ಬಣ್ಣ ತಳಕ್ಕೆ ಬಂದಿತ್ತು. ಮಣ್ಣೇ ಕಳಪೆಯೆಂದು ವರದಿ ಬರೆಯಲು ಕುಳಿತವನನ್ನು ಹಿರಿಯರೊಬ್ಬರು ತಡೆದು, ಬಿಲ್ಲೆಯನ್ನು ಹೊರತೆಗೆದು ತಂತಿಯಿಂದ ಸೀಳಿ ತೋರಿಸಿದರು. ನಡುಭಾಗ ಬೆಣ್ಣೆಯ ಹಾಗೆ ಮಾಸದೆ ಉಳಿದಿತ್ತು, ನೀಲಿ ಮೇಲ್ಮೈಯನ್ನು ಬಿಟ್ಟು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಆದರೆ ಉಕ್ಕಿಗೆ ತಾಗಿದ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ನೀಲಿ ಗೆರೆಯೊಂದು ಎಳೆದಂತಿತ್ತು. ಪುಡಿಯನ್ನು ಒಂದೇ ಸಲ ಸುರಿದು ಬಡಿದು, ಅದು ಉಬ್ಬುವ ಮೊದಲೇ ನೀರಿನ ಒತ್ತಡ ಏರಿಸಿದ್ದೆ. ತಪ್ಪು ಮಣ್ಣಿನದಲ್ಲ, ನನ್ನದು. ಮುಂದಿನ ಸಲ ತೆಳು ಪದರಗಳಲ್ಲಿ ತುಂಬಿ ನಿಧಾನವಾಗಿ ನೆನೆಸಿದಾಗ ಅಂಚು ತಾನಾಗಿ ಮುಚ್ಚಿಕೊಂಡಿತು.

ಕೊಡಗಿನ ಕೆಂಪು ಮಣ್ಣಿನಲ್ಲಿ ಉಬ್ಬದ ಕೆಯೊಲಿನೈಟ್ ಎಂಬ ಖನಿಜವೇ ಹೆಚ್ಚಾದ್ದರಿಂದ ಬೆಂಟೊನೈಟನ್ನು ಹೊರಗಿನಿಂದ ತರಿಸುತ್ತೇವೆ. ಪಲ್ಪಿಂಗ್ ನೀರಿನ ಹುಳಿ ಕಳೆಯಲು ಸುಣ್ಣ ಹಾಕುವವರಿಗೆ ಅದನ್ನು ಹೊಂಡದಲ್ಲೇ ಸುರಿಯಬೇಡಿ ಎಂದು ಬೇಡಿಕೊಳ್ಳುತ್ತೇನೆ, ಏಕೆಂದರೆ ಸುಣ್ಣದ ಕ್ಯಾಲ್ಸಿಯಂ ಹಾಳೆಗಳ ನಡುವಿನ ಸೋಡಿಯಂನ ಜಾಗ ಹಿಡಿದರೆ ಉಬ್ಬುವ ಶಕ್ತಿ ಕುಗ್ಗುತ್ತದೆ. ತ್ಯಾಜ್ಯ ಹೂಳುವ ಸುರಂಗಗಳಲ್ಲಿ ಸಾಮಾನ್ಯ ಸಿಮೆಂಟಿನ ಬಳಕೆಯ ಬಗ್ಗೆ ಎಂಜಿನಿಯರುಗಳು ಎಚ್ಚರ ವಹಿಸುವುದೂ ಅದರ ಕ್ಷಾರ ಜೇಡಿಮಣ್ಣನ್ನು ಕೆಡಿಸಬಹುದೆಂಬ ಕಾರಣಕ್ಕೆ. ಹೊಂಡದ ಪೈಪು ಪದರವನ್ನು ದಾಟುವ ಜಾಗವನ್ನಂತೂ ನಾನು ಯಾರಿಗೂ ಬಿಡುವುದಿಲ್ಲ. ಅಲ್ಲಿ ಮಂಡಿಯೂರಿ ಕುಳಿತು, ಪೈಪಿನ ಸುತ್ತ ಹಿಡಿ ಹಿಡಿಯಾಗಿ ಮಣ್ಣು ತುಂಬಿ ನಾನೇ ಒತ್ತುತ್ತೇನೆ.