ಕಿಟಕಿಯ ಸರಳಿಗೆ ತಾಗಿದ ಸೌಟು

ಶಾಲೆಯ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂಬ ಪತ್ರ ಬಂದಾಗ, ನನ್ನ ಜೊತೆಯವರಲ್ಲಿ ಹೆಚ್ಚಿನವರು ಹಾಕಿ ಮೈದಾನದ ಬಗ್ಗೆ ಬರೆಯುತ್ತಾರೆಂದು ಊಹಿಸಿದೆ. ಕೊಡಗಿನ ಶಾಲೆಯ ಸಂಚಿಕೆಗೆ ಅದು ಸಹಜವೇ. ಆಟದಲ್ಲಿ ಹಿಂದಿದ್ದ ನನಗೆ ಮಾತ್ರ ವಿರಾಜಪೇಟೆ ಎಂದೊಡನೆ ನೆನಪಾಗುವುದು ಹಾಸ್ಟೆಲಿನ ಅಡುಗೆಮನೆ ಮತ್ತು ಅದನ್ನು ನೋಡಿಕೊಳ್ಳುತ್ತಿದ್ದ, ನಾವೆಲ್ಲ ದೊಡ್ಡ ಸಿಸ್ಟರ್ ಎಂದು ಕರೆಯುತ್ತಿದ್ದ ಹೆಂಗಸು.

ನನ್ನ ತಂದೆ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಳಿಗ್ಗೆ ಲೈನ್‌ಮನೆಗಳ ಕಡೆಗೆ ಹೊರಟರೆ ಮರಳುವುದು ಸಂಜೆಗೇ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದು ಬೆಲೆ ಕುಸಿದ ಮೇಲೆ ತೋಟದವರು ಖರ್ಚು ಕಡಿಮೆ ಮಾಡಲು ಹೊರಟರು, ತಂದೆಯ ಕೆಲಸ ಹೋಯಿತು. ಆಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಹಾಸ್ಟೆಲಿನ ಎರಡು ಕಂತು ಕಟ್ಟಲಾಗದೆ ಟ್ರಂಕು ಕಟ್ಟಿಕೊಂಡು ಕುಳಿತಿದ್ದ ನನ್ನನ್ನು ಸಿಸ್ಟರ್ ಕರೆದು, ಗ್ರಂಥಾಲಯದ ಪುಸ್ತಕಗಳಿಗೆ ಬೈಂಡು ಹಾಕುವವರು ಯಾರೂ ಇಲ್ಲ, ಶನಿವಾರ ಬಂದು ಮಾಡುತ್ತೀಯಾ ಎಂದು ಕೇಳಿದರು. ಮೈದಾ ಅಂಟನ್ನು ಕುದಿಸಿ ಕೊಟ್ಟವರೂ ಅವರೇ. ನಾನು ಹಾಕಿದ ಬೈಂಡುಗಳು ಸೊಟ್ಟಗಿದ್ದವು, ಕೆಲವು ಮಳೆಗಾಲದಲ್ಲಿ ಬೂಷ್ಟು ಹಿಡಿದು ಬಿಟ್ಟುಕೊಂಡವು. ಆದರೂ ಮಾರ್ಚ್‌ವರೆಗೆ ಕೆಲಸ ನಡೆಯಿತು, ಕಂತಿನ ಮಾತು ಮತ್ತೆ ಬರಲಿಲ್ಲ. ಆ ಪುಸ್ತಕಗಳಿಗೆ ಬೈಂಡಿನ ಅಗತ್ಯವೇ ಇರಲಿಲ್ಲವೆಂದು ನನಗೆ ಹೊಳೆಯಲು ಹಲವು ವರ್ಷ ಬೇಕಾದವು.

ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋಗುತ್ತಿದ್ದ ಅವಧಿಯಲ್ಲಿ ಉಳಿದ ನಮಗೆ ನೀತಿಪಾಠವಿರುತ್ತಿತ್ತು. ಅದನ್ನು ತೆಗೆದುಕೊಳ್ಳುತ್ತಿದ್ದ ವಯಸ್ಸಾದ ಫಾದರ್ ಒಮ್ಮೆ ಜುಲೈ ಮಳೆಯಲ್ಲಿ ಬೋರ್ಡಿನ ಮೇಲೆ ‘ನೆರೆಯವರು ಯಾರು?’ ಎಂದು ಬರೆದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ನೆರೆಯಲ್ಲಿ ಮನೆ ಹೋದವರು ಎಂದುಬಿಟ್ಟ. ತರಗತಿ ನಕ್ಕಿತು, ಫಾದರ್ ನಗದೆ ಅದೂ ಸರಿಯೇ ಎಂದರು. ಆಮೇಲೆ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಕಥೆ ಹೇಳಿದರು. ಜೆರುಸಲೇಮಿನಿಂದ ಜೆರಿಕೊಗೆ ಇಳಿದುಹೋಗುತ್ತಿದ್ದ ಒಬ್ಬನನ್ನು ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದದ್ದು, ಯಾಜಕನೂ ಲೇವಿಯನೂ ಬದಿಯಿಂದ ಸರಿದುಹೋದದ್ದು, ಕೊನೆಗೆ ಸಮಾರಿಯದವನೊಬ್ಬ ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿ ಕಟ್ಟಿ, ತನ್ನ ಕತ್ತೆಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದು, ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಮರಳುವಾಗ ತೀರಿಸುತ್ತೇನೆ ಎಂದದ್ದು. ಒಂದೊಂದು ನಾಣ್ಯವೂ ಒಂದು ದಿನದ ಕೂಲಿ ಎಂದಾಗ, ಚೆಕ್‌ರೋಲ್ ನೋಡುತ್ತ ಬೆಳೆದ ನನಗೆ ಕಥೆ ತಟ್ಟನೆ ಹತ್ತಿರವಾಯಿತು. ಯೆಹೂದ್ಯರ ದೇವಾಲಯ ಜೆರುಸಲೇಮಿನಲ್ಲಿತ್ತು, ಸಮಾರಿಯದವರು ಪೂಜೆ ಸಲ್ಲಿಸುತ್ತಿದ್ದುದು ಗೆರಿಜೀಮ್ ಬೆಟ್ಟದಲ್ಲಿ, ಇಬ್ಬರಿಗೂ ನೀರು ನೆರಳು ಆಗಿಬರುತ್ತಿರಲಿಲ್ಲ ಎಂಬುದನ್ನೂ ಅವರು ವಿವರಿಸಿದರು.

ಈ ಕಥೆಯಲ್ಲಿ ಕ್ರೈಸ್ತರು ಯಾರು ಎಂದು ಅವರು ಕೇಳಿದ್ದಕ್ಕೆ ನಾವೆಲ್ಲ ಒಕ್ಕೊರಲಿನಿಂದ ಸಮಾರಿಯದವನು ಎಂದೆವು. ಅವರು ತಲೆಯಾಡಿಸಿ, ಕಿಟಕಿಯಾಚೆ ಕಾಣುತ್ತಿದ್ದ ಸಂತ ಅನ್ನಮ್ಮ ಚರ್ಚಿನ ಗೋಪುರವನ್ನು ತೋರಿಸಿದರು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಸೆರೆಯಾಗಿ, ಘಟ್ಟ ಹತ್ತಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟಿದ್ದರು. ಹಾಗೆ ಸೆರೆಯಾದವರ ಪೈಕಿ ತಪ್ಪಿಸಿಕೊಂಡು ಬಂದವರಿಗೆ ಇಲ್ಲಿ ಆಶ್ರಯ ಕೊಟ್ಟು, 1792ರಲ್ಲಿ ಈ ಚರ್ಚು ಏಳಲು ನೆಲ ಕೊಟ್ಟವನು ಲಿಂಗಾಯತ ಅರಸು ದೊಡ್ಡ ವೀರರಾಜೇಂದ್ರ. ಅವನೂ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದವನೇ. ಈ ಪೇಟೆಯಲ್ಲಿ ದಾರಿಯ ಮೇಲೆ ಬಿದ್ದಿದ್ದವರು ನಾವು, ಎತ್ತಿದವನು ನಮ್ಮ ದೇವರನ್ನು ಅರಿಯದವನು, ನಾವು ಮಾಡುವುದೆಲ್ಲ ಆ ಸಾಲದ ಬಾಬತ್ತು ಎಂದರು ಫಾದರ್.

ನನ್ನ ಪಕ್ಕದಲ್ಲಿ ಕುಳಿತಿದ್ದವನು ಅಮ್ಮತ್ತಿ ಕಡೆಯ ಮುಸ್ಲಿಂ ಹುಡುಗ. ಸುಲ್ತಾನನ ಹೆಸರು ಬಂದಾಗ ಅವನು ಪೆನ್ನಿನ ಮುಚ್ಚಳವನ್ನು ತಿರುಗಿಸುತ್ತ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ಫಾದರ್ ಕೂಡ ನೋಡಿರಬೇಕು. ಅರಸರು ಮಾಡಿದ್ದನ್ನು ಅರಸರ ಖಾತೆಗೇ ಬರೆಯಬೇಕು, ಎಂಟನೆಯ ತರಗತಿಯ ಹುಡುಗರ ಖಾತೆಗೆ ಅಲ್ಲ ಎಂದು ಹೇಳಿ, ಅವನ ಕೈಯಿಂದಲೇ ಬೋರ್ಡು ಒರೆಸಿಸಿದರು. ಈಗ ಆ ಕಾಲದ ಇತಿಹಾಸವನ್ನು ಕುರಿತು ನಡೆಯುವ ಕೂಗಾಟಗಳನ್ನು ಕೇಳುವಾಗಲೆಲ್ಲ ನನಗೆ ಆ ಡಸ್ಟರು ಕಣ್ಣಿಗೆ ಕಟ್ಟುತ್ತದೆ.

1992ರ ಮಾರ್ಚ್ ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸಮಯ. ಹೂಮಳೆಯಾಗಿ ತೋಟಗಳೆಲ್ಲ ಬೆಳ್ಳಗೆ ಅರಳಿ, ಕಾಫಿ ಹೂವಿನ ಪರಿಮಳ ಹಾಸ್ಟೆಲಿನವರೆಗೂ ಬರುತ್ತಿದ್ದ ದಿನಗಳು. ಆ ವರ್ಷ ಬೂದಿ ಬುಧವಾರ ಕಳೆದ ಒಂದೆರಡು ದಿನಗಳಲ್ಲೇ ರಂಜಾನ್ ಉಪವಾಸವೂ ಮೊದಲಾಗಿತ್ತು. ತಪಸ್ಸುಕಾಲದ ಉಪವಾಸ ಹಿಡಿದಿದ್ದ ಸಿಸ್ಟರ್, ಹಾಸ್ಟೆಲಿನಲ್ಲಿದ್ದ ಒಬ್ಬನೇ ಮುಸ್ಲಿಂ ಹುಡುಗನಿಗಾಗಿ ನಸುಕಿನ ನಾಲ್ಕಕ್ಕೆ ಎದ್ದು ಸೌದೆ ಒಲೆ ಹೊತ್ತಿಸಿ, ಕುಚ್ಚಲಕ್ಕಿ ಗಂಜಿ, ಚಟ್ನಿ, ಒಂದು ಮೊಟ್ಟೆ ಸಿದ್ಧಮಾಡುತ್ತಿದ್ದರು. ಅವನಿಗೋ ಕುಂಭಕರ್ಣನ ನಿದ್ದೆ. ಉಳಿದವರಿಗೆ ಎಚ್ಚರವಾಗಬಾರದೆಂದು ಸಿಸ್ಟರ್ ಹೊರಗಿನಿಂದ ಬಂದು, ಅವನ ಮಂಚದ ಬಳಿಯ ಕಿಟಕಿಯ ಸರಳಿಗೆ ಸೌಟಿನ ತುದಿಯಿಂದ ಟಣ್ ಟಣ್ ಎಂದು ತಟ್ಟುತ್ತಿದ್ದರು. ಅವನು ಏಳುತ್ತಿರಲಿಲ್ಲ, ಪಕ್ಕದ ಮಂಚದಲ್ಲಿದ್ದ ನಾನು ಏಳುತ್ತಿದ್ದೆ. ಅವನನ್ನು ಅಲುಗಾಡಿಸಿ ಎಬ್ಬಿಸಿ ಅಡುಗೆಮನೆಗೆ ಕರೆದೊಯ್ದ ಕೂಲಿಯಾಗಿ ನನಗೂ ಒಂದು ಲೋಟ ಗಂಜಿ ಸಿಗುತ್ತಿತ್ತು. ಅವನು ಉಣ್ಣುವಷ್ಟು ಹೊತ್ತು ಸಿಸ್ಟರ್ ಒಲೆಯ ಪಕ್ಕದಲ್ಲಿ ಕುಳಿತು ಜಪಸರ ಎಣಿಸುತ್ತಿದ್ದರು. ಬಾಂಗಿನ ಹೊತ್ತು ಸಮೀಪಿಸಿದರೆ ಎಣಿಕೆ ನಿಲ್ಲಿಸಿ, ಬೇಗ ನೀರು ಕುಡಿ ಮಾರಾಯ ಎಂದು ಗದರಿಸುತ್ತಿದ್ದರು.

ಇಷ್ಟನ್ನು ಓದಿ ಅವರು ಸಾಧುಸ್ವಭಾವದವರೆಂದು ಯಾರೂ ತಿಳಿಯಬಾರದು. ತಟ್ಟೆಯಲ್ಲಿ ಅನ್ನ ಬಿಟ್ಟವರ ಗೆಣ್ಣಿಗೆ ಅದೇ ಸೌಟಿನಿಂದ ಬಿಸಿ ಮುಟ್ಟಿಸುವ ಕೈ ಅದು. ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದು, ಫೀಸು ಬಿಟ್ಟವರು ಏನನ್ನು ಕೇಳುತ್ತಾರಪ್ಪ, ಜಪ ಹೇಳಿಸುತ್ತಾರಾ ಎಂದು ವಿಚಾರಿಸಿದ್ದರು. ಅವರ ಅನುಮಾನ ಅಸಹಜವೇನಲ್ಲ. ಸಿಸ್ಟರ್ ತಮ್ಮ ಭಕ್ತಿಯನ್ನು ಮುಚ್ಚಿಟ್ಟವರಲ್ಲ, ಪರೀಕ್ಷೆಗೆ ಹೊರಟ ನಮಗೆಲ್ಲ ಶಿಲುಬೆಯ ಗುರುತು ಹಾಕಿಯೇ ಕಳುಹಿಸಿದರು. ಆದರೆ ಕಾವೇರಿ ಸಂಕ್ರಮಣಕ್ಕೆ ನಾನು ರಜೆ ಕೇಳಿದಾಗ ಬಸ್ಸಿಗೆಂದು ಚಿಲ್ಲರೆ ಕೊಟ್ಟು, ತಲಕಾವೇರಿಯಲ್ಲಿ ಚಳಿಯಿರುತ್ತದೆ, ಸ್ವೆಟರ್ ಮರೆಯಬೇಡ ಎಂದವರೂ ಅವರೇ. ದೊಡ್ಡಪ್ಪನಿಗೆ ನಾನು ಸ್ವೆಟರಿನ ವಿಷಯ ಹೇಳಿದೆ. ಅವರು ಮತ್ತೆ ಕೇಳಲಿಲ್ಲ.

ಕೆಲವು ವರ್ಷಗಳ ಹಿಂದೆ, ಮಂಗಳೂರಿನಲ್ಲಿ ವಯಸ್ಸಾದ ಸಿಸ್ಟರುಗಳು ಇರುವ ಮನೆಯಲ್ಲಿ ಅವರನ್ನು ಕಂಡೆ. ನೆನಪು ಬಹುಮಟ್ಟಿಗೆ ಮಾಸಿತ್ತು. ನನ್ನ ಹೆಸರು, ತಂದೆಯ ತೋಟ, ಪುಸ್ತಕದ ಬೈಂಡು, ಯಾವುದನ್ನು ಹೇಳಿದರೂ ಸೌಜನ್ಯಕ್ಕೆಂದು ನಗುತ್ತಿದ್ದರು. ಅಮ್ಮತ್ತಿಯ ಗೆಳೆಯ ಈಗ ಕಾಳುಮೆಣಸಿನ ವ್ಯಾಪಾರ ಮಾಡುತ್ತಿದ್ದಾನೆ, ನಿಮ್ಮನ್ನು ಕೇಳಿದೆನೆಂದು ಹೇಳಲು ತಿಳಿಸಿದ್ದಾನೆ ಎಂದಾಗ ಮಾತ್ರ ಅವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

“ಎದ್ದನಾ ಅವನು?” ಎಂದು ಕೇಳಿದರು.

ಸಂಜೆ ನಾಲ್ಕರ ಹೊತ್ತು, ಹೊರಗೆ ಬಿಸಿಲಿತ್ತು. ಎದ್ದ ಸಿಸ್ಟರ್, ಊಟ ಮಾಡುತ್ತಿದ್ದಾನೆ ಎಂದೆ.